ಹನ್ನೆರಡು ಗೆರೆಯ ಬಟ್ಟಲು

ನಮ್ಮ ಸೋದರಮಾವನ ಎದುರಿಗೆ ಕಣ್ಣು ಮುಚ್ಚಿಕೊಂಡು ಕೂತವರಲ್ಲಿ ಜಗಳವಾಡದೆ ಕಣ್ಣು ಬಿಟ್ಟವರನ್ನು ನಾನು ಕಂಡಿಲ್ಲ. ಧ್ಯಾನ ಹೇಳಿಕೊಡುತ್ತಿದ್ದರೇ? ಅಲ್ಲ. ಕಣ್ಣುನೋವಿಗೆ ಔಷಧಿ ಹಾಕುತ್ತಿದ್ದರೇ? ಅದೂ ಅಲ್ಲ. ಅವರು ಜನರ ತಲೆಯೊಳಗಿನ ಚಿತ್ರಗಳನ್ನು ಅಳೆಯುತ್ತಿದ್ದರು! ಹೊಲ ಅಳೆಯುವವರನ್ನು ನೀವು ನೋಡಿದ್ದೀರಿ, ರಾಗಿ ಅಳೆಯುವವರನ್ನು ನೋಡಿದ್ದೀರಿ. ಆದರೆ ಒಬ್ಬ ಮನುಷ್ಯನಿಗೆ ಒಳ್ಳೆಯದು ಎಷ್ಟು ಬೇಗ ಕಣ್ಣಿಗೆ ಕಟ್ಟುತ್ತದೆ, ಕೆಟ್ಟದ್ದು ಎಷ್ಟು ಬೇಗ ಕಣ್ಣಿಗೆ ಕಟ್ಟುತ್ತದೆ ಎಂದು ನೀರಿನಲ್ಲಿ ಬಟ್ಟಲು ತೇಲಿಬಿಟ್ಟು ಅಳೆದವರು ಮೈಸೂರು ಸಂಸ್ಥಾನದಲ್ಲೆಲ್ಲ ನಮ್ಮ ಮಾವ ಒಬ್ಬರೇ ಇರಬೇಕು. ಇನ್ನೊಬ್ಬರಿದ್ದಿದ್ದರೆ ಆ ಊರಿನಿಂದಲೂ ದೂರು ಬರುತ್ತಿತ್ತು.

ಮಾವನದು ನಂಜನಗೂಡಿನ ಕಚೇರಿಯಲ್ಲಿ ಗಳಿಗೆ ಬಟ್ಟಲು ಕಾಯುವ ಕೆಲಸ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ನಿಧಾನವಾಗಿ ತುಂಬಿ ಮುಳುಗುತ್ತದೆ. ಮುಳುಗಿದರೆ ಒಂದು ಗಳಿಗೆ ಆಯಿತೆಂದು ಲೆಕ್ಕ. ಆಗ ಮಾವ ಎದ್ದು ಗಂಟೆ ಹೊಡೆಯಬೇಕು, ಊರು ಅದನ್ನು ಕೇಳಿ ಊಟಕ್ಕೆ ಏಳಬೇಕು. ಇಪ್ಪತ್ತು ವರ್ಷ ಹೀಗೆ ಊರಿಗೇ ಹೊತ್ತು ಹೇಳಿದವರಿಗೆ ಒಂದು ದಿನ ಗ್ರಹಚಾರ ಗೋಡೆ ಗಡಿಯಾರದ ರೂಪದಲ್ಲಿ ಬಂತು. ಮೇಲಿನವರು ದಯವಂತರು, ಕೆಲಸ ತೆಗೆಯಲಿಲ್ಲ. ಗಡಿಯಾರಕ್ಕೆ ಕೀಲಿ ಕೊಡುವ ಕೆಲಸ ಕೊಟ್ಟರು. ವಾರಕ್ಕೊಂದು ಸಲ ಕೀಲಿ ಕೊಡಬೇಕು. ಉಳಿದ ಆರು ದಿನ ಒಬ್ಬ ಬುದ್ಧಿವಂತ ಮನುಷ್ಯ ಏನು ಮಾಡಬೇಕು, ನೀವೇ ಹೇಳಿ!

ಆದರೂ ಅವರಿಗೆ ಈ ಹುಚ್ಚು ಹಿಡಿಸಿದ್ದು ಗಡಿಯಾರವಲ್ಲ, ರಸಬಾಳೆ. ಒಂದು ಸಂಜೆ ಕಚೇರಿಯಿಂದ ಬರುವಾಗ ಪೇಟೆಯಲ್ಲಿ ಗಾಡಿಯಿಂದ ಬಾಳೆಗೊನೆ ಇಳಿಸುತ್ತಿದ್ದರು. ಮಾವ ನಿಂತರು. ಒಂದು ಗೊನೆ ನೋಡಿದರು, ಇನ್ನೊಂದು ಗೊನೆ ನೋಡಿದರು, ಗಾಡಿಯವನು ಮರ್ಯಾದೆಗೆ ಕೊಟ್ಟ ಎರಡು ಹಣ್ಣನ್ನು ಮರ್ಯಾದೆಗೇ ತಿಂದರು. ಮನೆಗೆ ಬಂದು ನೋಡಿದರೆ ಜಗಲಿಯ ತುಂಬ ಜನ! ನಡುವೆ ನಮ್ಮ ಅತ್ತೆ, ಎಂದರೆ ಮಾವನ ಹೆಂಡತಿ, ಬಾಯಿಗೆ ಸೆರಗು ಹಿಡಿದು ಅಳುತ್ತಿದ್ದಾರೆ. ಇಬ್ಬರು ಅಂಬಿಗರು ಆಗಲೇ ಕಪಿಲೆಯಲ್ಲಿ ಹುಡುಕುವುದಕ್ಕೆ ಇಳಿದಿದ್ದಾರೆ. ಮಾವ ಗುಂಪಿನ ಹಿಂದೆ ನಿಂತು, ಪಾಪ, ಮರುಕದಿಂದಲೇ ಕೇಳಿದರು: “ಯಾರು ಹೋಗ್ಬಿಟ್ರು?”

“ನೀವೇ ಕಣ್ರೀ!” ಎಂದರು ಪಕ್ಕದ ಮನೆಯವರು.

ಮಾರನೆಯ ಬೆಳಿಗ್ಗೆ ಮಾವ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಿದರು. ನಾನು ಆಗ ಹತ್ತು ವರ್ಷದವಳು. ಅವರಿಗೆ ಮಕ್ಕಳಿರಲಿಲ್ಲ, ನಮ್ಮಪ್ಪ ನನ್ನನ್ನು ಹುಲ್ಲಹಳ್ಳಿಯಿಂದ ಕರೆತಂದು ಅವರ ಮನೆಯಲ್ಲೇ ಬಿಟ್ಟಿದ್ದರು. ಹೀಗಾಗಿ ನಾನೇ ಸಾಕ್ಷಿ.

“ಅಲ್ವೇ, ಗಂಡ ಅರ್ಧ ಗಳಿಗೆ ತಡವಾದ್ರೆ ಹೊಳೆಗೆ ಬಿದ್ದಿರೋ ಗಂಡ ಕಾಣ್ತಾನೆ. ಬಾಳೆಹಣ್ಣು ತಿಂತಾ ನಿಂತಿರೋ ಗಂಡ ಯಾಕೆ ಕಾಣೋಲ್ಲ?”

“ನಂಗೇನು ಗೊತ್ತು? ಹೊಳೇನೇ ಕಾಣ್ತು” ಎಂದರು ಅತ್ತೆ.

ಅಷ್ಟೇ! ಮಾವ ಕಂಚುಗಾರನ ಹತ್ತಿರ ಹೋಗಿ ಅಂಗೈಯಗಲದ ಒಂದು ಬಟ್ಟಲು ಮಾಡಿಸಿದರು. ತೂತನ್ನು ಕೊಂಚ ದೊಡ್ಡದು ಮಾಡಿಸಿ, ಒಳಮೈಯಲ್ಲಿ ಕೆಳಗಿನಿಂದ ಮೇಲಕ್ಕೆ ಹನ್ನೆರಡು ಗೆರೆ ಕೊರೆಸಿದರು. ಕ್ರಮ ಇಷ್ಟು: ನೀವು ಕಣ್ಣು ಮುಚ್ಚಬೇಕು. ಮಾವ ಒಂದು ಮಾತು ಹೇಳಿ ಬಟ್ಟಲನ್ನು ನೀರಿಗೆ ಬಿಡುತ್ತಾರೆ. ಹೇಳಿದ್ದು ಕಣ್ಣಿಗೆ ಕಟ್ಟಿದೊಡನೆ ನೀವು ಬೆರಳೆತ್ತಬೇಕು. ನೀರು ಆಗ ಯಾವ ಗೆರೆಗೆ ಬಂದಿದೆಯೋ ಅದೇ ನಿಮ್ಮ ಅಳತೆ. ಮೊದಲು ಒಂದು ಕೆಟ್ಟದ್ದು, ಆಮೇಲೆ ಒಂದು ಒಳ್ಳೆಯದು. ಹನ್ನೆರಡು ಗೆರೆಯೂ ತುಂಬಿ ಬಟ್ಟಲು ‘ಗುಳುಕ್’ ಎಂದು ಮುಳುಗಿದರೆ ನಿಮ್ಮ ಹೆಸರಿನ ಮುಂದೆ ‘ಬರಲಿಲ್ಲ’ ಎಂದು ಬರೆಯುತ್ತಿದ್ದರು. ಬರೆಯುವುದಕ್ಕೆ ಕಚೇರಿಯವರು ಮೂಲೆಗೆ ಹಾಕಿದ್ದ ಒಂದು ಹಳೆಯ ಕಡತ, ಮಸಿ ಬಳಿದ ಬಟ್ಟೆಯನ್ನು ಮಡಿಸಿ ಮಾಡಿದ್ದು. ಅದರ ಮೇಲೆ ಬಳಪದಲ್ಲಿ ಗೀಚುವುದು.

ಮೊದಲು ಸಿಕ್ಕಿದವನು ಕ್ಷೌರಿಕ. ಅವನ ಕೈಯಲ್ಲಿ ಕತ್ತಿ, ಕತ್ತಿಯ ಕೆಳಗೆ ಮಾವನ ಗದ್ದ. ಅಂಥ ಹೊತ್ತಿನಲ್ಲಿ ಮಾವ, “ನಿನ್ನ ಹಿಂದೆ ಒಂದು ಹಾವು ಹೆಡೆ ಎತ್ತಿದೆ, ನೋಡು” ಎಂದರು. ಅವನಿಗೆ ಹಾವು ಒಂದನೇ ಗೆರೆಗೂ ಮುಂಚೆಯೇ ಬಂತು. ಮಾವನ ಗದ್ದದ ಮೇಲಿನ ಗಾಯ ಮಾಗುವುದಕ್ಕೆ ಹದಿನೈದು ದಿನ ಬೇಕಾಯಿತು.

ಆಮೇಲೆ ಹೆಮ್ಮಿಗೆಯ ಗಾಡಿಯವನೊಬ್ಬ ಸಿಕ್ಕಿದ. ಎತ್ತು ಹಳ್ಳಕ್ಕೆ ಬಿದ್ದದ್ದು ಅವನಿಗೆ ಎರಡನೇ ಗೆರೆಗೆ ಸೊಗಸಾಗಿ ಬಂತು. “ಈಗ ಒಳ್ಳೇದು. ನಿನ್ನ ಎತ್ತನ್ನ ಊರೋರೆಲ್ಲ ಹೊಗಳ್ತಾ ಇದಾರೆ, ನೋಡು” ಎಂದು ಮಾವ ಬಟ್ಟಲು ಬಿಟ್ಟರು.

“ಯಾವ ಎತ್ತ ಸಾ? ಎಡದ್ದಾ, ಬಲದ್ದಾ?”

“ಯಾವುದಾದ್ರೂ ಆಗ್ಲಿ ಕಣಯ್ಯ!”

“ಅಂಗಂದ್ರೆ ಎಂಗೆ ಸಾ? ಎಡದ್ದನ್ನ ಒಗಳಿದ್ರೆ ಬಲದ್ದು ಬೇಜಾರು ಮಾಡ್ಕತದೆ.”

ಗುಳುಕ್! ಬಟ್ಟಲು ಮುಳುಗಿತು. ಎರಡು ಎತ್ತುಗಳ ಮನಸ್ಸು ಕಾಯುವುದರಲ್ಲಿ ಬಡಪಾಯಿಗೆ ಒಳ್ಳೆಯದೇ ಬರಲಿಲ್ಲ.

ಹೆಂಗಸರದ್ದಂತೂ ಇನ್ನೂ ಕಷ್ಟ. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿಗೆ ಮಾವ, “ನಿಮ್ಮ ಮನೆ ಸೂರು ಕುಸಿದಿದೆ” ಎಂದರು. ಅಜ್ಜಿ ಕಣ್ಣು ಬಿಟ್ಟು, “ಬಿಡ್ತು ಅನ್ನಯ್ಯಾ!” ಎಂದು ಕೂಗಿತು. ಅಶುಭ ನುಡಿದ ಬಾಯಿಂದಲೇ ಬಿಡ್ತು ಅನ್ನಿಸಬೇಕಲ್ಲ? ಮಾವ ಅಂದರು. ಒಂದು ಸಲ ಸಾಲದು ಎಂದು ಅಜ್ಜಿ ಮೂರು ಸಲ ಅನ್ನಿಸಿ, ಸಮಾಧಾನವಾಗದೆ ಕೈಯಲ್ಲಿದ್ದ ಪೊರಕೆಯನ್ನೂ ಎತ್ತಿತು. ಆ ದಿನದ ಕಡತದಲ್ಲಿ ಮಾವ ಬರೆದದ್ದನ್ನು ನಾನೇ ಓದಿದ್ದೇನೆ: ‘ಅಜ್ಜಿಯ ಕೆಟ್ಟದ್ದು ಬರಲಿಲ್ಲ. ನನ್ನದು ಬಂತು.’

ಇಷ್ಟಾದರೂ ಬುದ್ಧಿ ಬಂತೇ? ಒಂದು ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಿದ್ದಾಗ ಪಕ್ಕದ ಎಲೆಯವರ ಕಿವಿಯಲ್ಲಿ, “ಕಣ್ಣು ಮುಚ್ಚಿ. ಅಡಿಗೆ ಚಪ್ಪರಕ್ಕೆ ಬೆಂಕಿ ಬಿದ್ದಿದೆ” ಎಂದರು. ಆ ಮನುಷ್ಯನಿಗೆ ಕಣ್ಣು ಮುಚ್ಚುವ ಪುರಸೊತ್ತೂ ಆಗಲಿಲ್ಲ. “ಬೆಂಕಿ!” ಎಂದು ಕಿರುಚಿಕೊಂಡು ಎದ್ದ. ಎದುರು ಪಂಕ್ತಿ ಎದ್ದಿತು, ಈ ಪಂಕ್ತಿ ಎದ್ದಿತು, ವಾಲಗದವರು ಡೋಲು ಹೊತ್ತುಕೊಂಡು ಓಡಿದರು. ಪಾಯಸ ಇನ್ನೂ ಬಡಿಸಿರಲಿಲ್ಲ ಎನ್ನುವುದಕ್ಕೆ ಜನ ಮಾವನನ್ನು ಇವತ್ತಿಗೂ ಕ್ಷಮಿಸಿಲ್ಲ. ಅಲ್ಲಿಂದ ಮುಂದೆ ನಮ್ಮ ಮನೆಗೆ ಮದುವೆ ಕರೆಯಲು ಬಂದವರು ಅತ್ತೆಗೂ ನನಗೂ ಮಾತ್ರ ಕುಂಕುಮ ಕೊಟ್ಟು ಹೋಗುತ್ತಿದ್ದರು.

ಹೀಗೆ ಆರು ವರ್ಷ ಅಳೆದರು. ಕಡತದ ತುಂಬ ಒಂದೇ ಕಥೆ: ಕೆಟ್ಟದ್ದು ಒಂದು ಗೆರೆ, ಎರಡು ಗೆರೆ, ಒಳ್ಳೆಯದು ಒಂಬತ್ತು, ಹತ್ತು, ಬರಲಿಲ್ಲ. ನಾನೊಬ್ಬಳು ಮಾತ್ರ ಬೇರೆ. ಕಬ್ಬಿನ ಗದ್ದೆ ಎಂದರೆ ಕಬ್ಬು, ಹೊಸ ಸೀರೆ ಎಂದರೆ ಸೀರೆ, ಮೂರನೇ ಗೆರೆಗೆಲ್ಲ ಬೆರಳೆತ್ತುತ್ತಿದ್ದೆ. “ಇಡೀ ತಾಲ್ಲೂಕಿಗೇ ಒಳ್ಳೇ ತಲೆ ನಮ್ಮ ಹುಡುಗೀದು” ಎಂದು ಮಾವ ಬೀಗುತ್ತಿದ್ದರು. ನಾನೂ ಬೀಗುತ್ತಿದ್ದೆ, ಸುಳ್ಳೇಕೆ ಹೇಳಲಿ?

ಆದರೆ ಬಟ್ಟಲಿನ ಕಿಲುಬು ತೆಗೆದಾಗಲೆಲ್ಲ ಅವರು ಮೊದಲು ಕೂರಿಸುತ್ತಿದ್ದದ್ದು ಅತ್ತೆಯನ್ನು. ಕೇಳುತ್ತಿದ್ದ ಒಳ್ಳೆಯದೂ ಒಂದೇ: “ಸಂಜೆ ನಾನು ಬಾಗಿಲಿಗೆ ಬರ್ತಾ ಇದೀನಿ, ನೋಡು.” ಅತ್ತೆ ಕಣ್ಣು ಮುಚ್ಚಿ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ನೀರು ಏರುತ್ತಿತ್ತು. ಆರು, ಏಳು, ಹನ್ನೊಂದು. ಬೆರಳು ಏಳುತ್ತಿರಲಿಲ್ಲ. ಗುಳುಕ್! “ನೋಡು, ಕಟ್ಟಿಕೊಂಡ ಗಂಡ ಮನೆಗೆ ಬರೋದು ಇವಳ ಕಣ್ಣಿಗೆ ಬರೋದೇ ಇಲ್ಲ” ಎಂದು ಮಾವ ನನ್ನ ಕಡೆ ತಿರುಗಿ ನಗುತ್ತಿದ್ದರು. ನಗುತ್ತಲೇ ಬಟ್ಟಲನ್ನು ಒರೆಸುತ್ತಿದ್ದರು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಅವರಿಗೆ ಅದು ನೋಯುತ್ತಿತ್ತೆಂದು ನನಗೆ ಗೊತ್ತಾಗುತ್ತಿತ್ತು. ಆದರೆ ಇಬ್ಬರಲ್ಲಿ ಯಾರನ್ನು ಏನೆಂದು ಕೇಳಲಿ?

ನನಗೆ ಹದಿನಾರಾಯಿತು. ಮೂಗೂರಿನಿಂದ ಒಂದು ಗಂಡು ಬಂತು. ನಂಜುಂಡಪ್ಪನ ದರ್ಶನ ಮುಗಿಸಿಕೊಂಡು ಹುಡುಗ, ಅವನ ತಾಯಿ ಮಾವನ ಮನೆಗೇ ಹೆಣ್ಣು ನೋಡಲು ಬಂದರು. ನಮ್ಮಪ್ಪ ಹುಲ್ಲಹಳ್ಳಿಯಿಂದ ಬಂದಿದ್ದರು. ಹುಡುಗ ತಲೆಯೆತ್ತಲಿಲ್ಲ. ನಾನು ಹಾಲಿನ ಲೋಟ ಕೊಡುವಾಗ ಅವನು ನೋಡದೆಯೇ ಕೈ ಚಾಚಿದ, ಹಾಲು ಅವನ ಪಂಚೆಯ ಮೇಲೇ ಚೆಲ್ಲಿತು. ಅವನು ಆಚೀಚೆ ನೋಡಿ, ಯಾರಿಗೂ ಕಾಣದ ಹಾಗೆ ಮೆಲ್ಲಗೆ ಆ ಜಾಗದ ಮೇಲೆ ಟೋಪಿ ಇಟ್ಟುಕೊಂಡ. ನನಗೆ ಕಂಡಿತು. ನಾನು ಕಂಡದ್ದು ಅವನಿಗೂ ಕಂಡಿತು. ಅಷ್ಟು ಸಾಕಾಯಿತು ನನಗೆ; ಈ ಮನೆಗೇ ಹೋಗಬೇಕು ಎಂದು ಅಡಿಗೆ ಮನೆಗೆ ಬರುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ.

ಮಾವ ಸುಮ್ಮನಿರುತ್ತಾರೆಯೇ? ಬೋಗುಣಿ ಬಂತು, ನೀರು ಬಂತು, ಬಟ್ಟಲು ಬಂತು. ಹುಡುಗನ ತಾಯಿಯನ್ನೇ ಕೂರಿಸಿದರು. “ಮನೆ ಹಸು ಕರು ಹಾಕುವಾಗ ಕಷ್ಟ ಆಗಿದೆ” ಎಂದದ್ದಕ್ಕೆ ಆಕೆಯ ಬೆರಳು ಅರ್ಧ ಗೆರೆಗೇ ಎದ್ದಿತು. “ಸರಿ. ಈಗ ಒಳ್ಳೇದು. ಈ ಹುಡುಗಿ ಸೊಸೆಯಾಗಿ ನಿಮ್ಮ ಹೊಸಿಲು ದಾಟ್ತಾ ಇದಾಳೆ, ನೋಡಿ.” ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನೀರು ಏರಿತು, ಏರಿತು. ಆಕೆ ಕಲ್ಲಿನ ಹಾಗೆ ಕೂತಿದ್ದರು. ಗುಳುಕ್!

ಅವರು ಹೋದ ಮೇಲೆ ಮಾವ ನಮ್ಮಪ್ಪನಿಗೆ ಹೇಳಿಬಿಟ್ಟರು: “ಬೇಡ ಭಾವ. ಆಯಮ್ಮನ ಮನಸ್ಸಲ್ಲಿ ನಮ್ಮ ಹುಡುಗಿಗೆ ಜಾಗವೇ ಇಲ್ಲ. ಮೂರು ಗೆರೆ ಹುಡುಗೀನ ತಗೊಂಡು ಹೋಗಿ ಅಲ್ಲಿ ಮುಳುಗಿಸೋದಾ?” ನಮ್ಮ ಕಡೆ ಸೋದರಮಾವ ಒಪ್ಪದಿದ್ದರೆ ಹಸೆಯೇ ಇಲ್ಲ. ಅಪ್ಪ ತಲೆಯಾಡಿಸಿದರು. ಇಷ್ಟು ವರ್ಷ ನಾನು ನೋಡಿ ನಕ್ಕ ಬಟ್ಟಲು ನನ್ನ ಬಾಳನ್ನೇ ಮುಳುಗಿಸಲು ಹೊರಟಿತ್ತು! ಹಿತ್ತಲಿಗೆ ಹೋಗಿ ಅತ್ತು ಬಂದೆ. ಅತ್ತೆ ನನ್ನ ಮುಖಕ್ಕೆ ತಣ್ಣೀರು ಹಾಕಿದರು.

ಬೇಡ ಎನ್ನುವ ಮಾತನ್ನು ಯಾರ ಕೈಲೋ ಹೇಳಿ ಕಳಿಸುವುದು ಮರ್ಯಾದೆಯಲ್ಲ ಎಂದು ಮಾವ ತಾವೇ ಹೇಳಲು ಹೊರಟರು. ಸೋಮವಾರದ ಅಮಾವಾಸ್ಯೆಗೆ ಆ ತಾಯಿ ನರಸೀಪುರದ ಸಂಗಮಕ್ಕೆ ಸ್ನಾನಕ್ಕೆ ಬರುವುದಿತ್ತು. “ನಾವೂ ಮುಳುಗು ಹಾಕ್ಕೊಂಡು ಬರ್ತೀವಿ” ಎಂದು ಅತ್ತೆ ನನ್ನನ್ನೂ ಗಾಡಿಗೆ ಹತ್ತಿಸಿದರು. ಹಿಂದಿನ ದಿನವೇ ಹೊರಟು ಛತ್ರದಲ್ಲಿ ಇಳಿದೆವು. ದಾರಿಯುದ್ದಕ್ಕೂ ಮಾವನ ಮಡಿಲಲ್ಲಿ ಆ ಬಟ್ಟಲು, ಕಂಕುಳಲ್ಲಿ ಕಡತ. ಬೇಡ ಎನ್ನುವುದಕ್ಕೆ ಸಾಕ್ಷಿ ಬೇಡವೇ?

ಬೆಳಿಗ್ಗೆ ಸಂಗಮದ ಮೆಟ್ಟಿಲ ಮೇಲೆ ಆಕೆ ಒದ್ದೆ ಸೀರೆಯಲ್ಲೇ ಎದುರಾದರು. ನನ್ನನ್ನು ಕಂಡು ಮುಖ ಅರಳಿತು, ತಕ್ಷಣ ಅದನ್ನು ಮುಚ್ಚಿಕೊಂಡರು. ಮಾವ ಗಂಟಲು ಸರಿಮಾಡಿಕೊಂಡು, “ಅಮ್ಮಾ, ತಪ್ಪು ತಿಳ್ಕೋಬೇಡಿ. ಈ ಸಂಬಂಧ ಬೇಡ ಅಂತ ಹೇಳೋಕೆ ಬಂದೆ. ಅವತ್ತು ನಮ್ಮ ಹುಡುಗಿ ಹೊಸಿಲು ದಾಟೋದು ನಿಮಗೆ ಬರಲಿಲ್ಲ. ಕಡತದಲ್ಲಿ ಬರೆದಿದೆ” ಎಂದು ಮಡಿಕೆ ಬಿಚ್ಚಿ ತೋರಿಸಿದರು.

ಆಕೆ ಕಡತದ ಕಡೆ ನೋಡಲೇ ಇಲ್ಲ.

“ಏನು ಬರ್ನಿಲ್ಲ?” ಎಂದರು. “ನೀನು ಬಟ್ಟಲು ನೀರ್ಗೆ ಇಡೋಕ್ಮುಂಚೇನೇ ಬಂತು ಕಣಣ್ಣಯ್ಯ! ಈ ಕೂಸು ಅಸ್ರು ಸೀರೆ ಉಟ್ಕಂಡು ನಿಂತದೆ. ಒಸ್ಲು ಮೇಲೆ ಸೇರಲ್ಲಿ ಅಕ್ಕಿ ಇಟ್ಟಿವ್ನಿ. ಬಲಗಾಲಲ್ಲಿ ಒದ್ದದೆ ಅಂದ್ರೆ, ಅಕ್ಕಿ ನಡುಮನೆ ಕಂಬದ ಗಂಟ ಚೆಲ್ತು. ಅಷ್ಟು ಜೋರಾಗಿ ಒದೀತಾಳಲ್ಲ ಇವ್ಳು ಅಂತ ನಗಾ ಬಂತು, ತಡ್ಕಂಡು ಕುಂತ್ಕಂಡೆ.”

ಮಾವ ಬರೆದದ್ದರ ಮೇಲೆ ಬೆರಳಿಟ್ಟರು. “ಮತ್ತೆ ಬೆರಳು ಯಾಕೆ ಎತ್ತಲಿಲ್ಲ ತಾಯಿ?”

“ಎಂಗ್ ಎತ್ಲಿ?” ಆಕೆ ಒದ್ದೆ ಸೆರಗನ್ನು ಹಿಂಡಿಕೊಂಡರು. “ನನ್ನ ಮಗಂಗೆ ಎರಡು ಸಲ ಮದ್ವೆ ಗೊತ್ತಾಗಿ ಮುರುದೋಯ್ತು. ಎರಡು ಸಲಾನೂ ನಾನು ಕುಸಿಯಾಗಿ ಊರೆಲ್ಲಾ ಏಳ್ಕಂಡು ಬಂದಿದ್ದೆ. ಯಾರ ಕಣ್ಣು ಬಿತ್ತೋ ಏನೋ. ಮೂರ್ನೇ ಸಲ ಬಾಯೂ ಬಿಡಾಕಿಲ್ಲ, ಬೆಳ್ಳೂ ಎತ್ತಾಕಿಲ್ಲ ಅಂತ ಅವತ್ತು ನಂಜುಂಡಪ್ಪನ ಮುಂದೆ ಕೈ ಮುಗ್ದೇ ನಿಮ್ಮನೆಗೆ ಬಂದಿದ್ದು. ಕೆಟ್ಟುದ್ದಕ್ಕೇನು, ಯಾರ್ ಕಣ್ಣು ಬಿದ್ದಾದು? ಅದಕ್ಕೆ ಬೆಳ್ಳು ತಾನಾಗೇ ಎದ್ದದೆ. ಒಳ್ಳೇದ್ನ ಯಾರಾರೂ ತೋರುಸ್ಕತಾರಾ?”

ಮಾವ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ಮೆಟ್ಟಿಲು ನೀರಿನಲ್ಲಿತ್ತು ಎನ್ನುವುದು ಅವರಿಗೆ ತಿಳಿದ ಹಾಗೆ ಕಾಣಲಿಲ್ಲ. ಆರು ವರ್ಷ, ಎರಡು ತಾಲ್ಲೂಕು, ಇಷ್ಟು ಜನ! ಅಳೆದದ್ದು ಒಳ್ಳೆಯದು ಬರುವ ಹೊತ್ತನ್ನಲ್ಲ, ಬಂದದ್ದನ್ನು ಜನ ಬಚ್ಚಿಟ್ಟುಕೊಂಡು ಕೂತ ಹೊತ್ತನ್ನು! ಎಡದೆತ್ತು ಬಲದೆತ್ತು ಎಂದು ಮಾತು ತೇಲಿಸಿದ ಗಾಡಿಯವನಿಗೂ ಎರಡು ಎತ್ತೂ ಆಗಲೇ ಬಂದಿದ್ದವೇನೋ! ಮಾವ ಅಳುತ್ತಾರೆ ಎಂದುಕೊಂಡೆ. ಅವರು ನಗಲು ಶುರುಮಾಡಿದರು. ಸೊಂಟದವರೆಗೆ ನೆನೆದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಲ್ಲಾರಿಗೂ ಬರ್ತದೆ! ಲೇ, ಎಲ್ಲಾರಿಗೂ ಬರ್ತದೆ ಕಣೇ!” ಎಂದು ಅತ್ತೆಯನ್ನು ಕೂಗಿ ಹೇಳಿದರು. ಕಡತವನ್ನು ಸಂಗಮದ ನೀರಿನಲ್ಲಿ ಅದ್ದಿ, ಪಂಚೆಯ ತುದಿಯಿಂದ ಒಂದೊಂದೇ ಮಡಿಕೆ ಒರೆಸಿದರು. ಎಲ್ಲರ ಗೆರೆಯೂ ಹೋಯಿತು. ಆಮೇಲೆ ಎದ್ದು ಆ ತಾಯಿಗೆ ಕೈ ಮುಗಿದು, “ಲಗ್ನ ಯಾವಾಗ ಇಟ್ಕೊಳ್ಳೋಣ?” ಎಂದರು. ನಾನು ಸಂಕೋಚ ಬಿಟ್ಟು ಬೇಗ ಬೇಗ ಮೂರು ಮುಳುಗು ಹಾಕಿದೆ; ಕಣ್ಣಲ್ಲಿ ಬಂದದ್ದು ಯಾವ ನೀರೆಂದು ಯಾರಿಗೂ ತಿಳಿಯದಿರಲಿ ಎಂದು.

ವಾಪಸು ಬರುವಾಗ ಗಾಡಿಯಲ್ಲಿ ಮಾವ ಖಾಲಿ ಕಡತವನ್ನು ಬಿಸಿಲಿಗೆ ಹರವಿ ಒಣಗಿಸಿದರು. ಕೊನೆಗೆ ಅತ್ತೆಯ ಕಡೆ ತಿರುಗಿ, ಇಷ್ಟು ಮೆಲ್ಲಗೆ ಮಾತಾಡಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ, ಕೇಳಿದರು: “ಅಲ್ವೇ, ನಾನು ಬಾಗಿಲಿಗೆ ಬರೋದು... ನಿಂಗೂ ಮೊದ್ಲೇ ಬರ್ತಿತ್ತೇನೇ?”

ಅತ್ತೆ ಸೆರಗನ್ನು ಹಣೆಗೆಳೆದುಕೊಂಡು, “ದಾರಿ ಮೇಲೆ ಇಂಥದ್ದೆಲ್ಲ ಕೇಳ್ತಾರಾ? ಸುಮ್ನೆ ಎತ್ತಿನ ಕಡೆ ನೋಡಿ” ಎಂದು ಗದರಿದರು.

ಗಾಡಿ ಹೊಡೆಯುತ್ತಿದ್ದದ್ದು ಮಾವನಲ್ಲ, ಬೇರೆಯವನು. ಆದರೂ ಮಾವ ನಂಜನಗೂಡು ಬರುವವರೆಗೂ ನಗುನಗುತ್ತ ಎತ್ತಿನ ಕಡೆಯೇ ನೋಡಿದರು. ಆಮೇಲೆ ಅತ್ತೆಯನ್ನು ಬಟ್ಟಲಿನ ಮುಂದೆ ಕೂರಿಸಲಿಲ್ಲ.

ಮದುವೆಯಾಯಿತು. ಮೂಗೂರಿನ ಹೊಸಿಲ ಮೇಲೆ ಸೇರು ಇತ್ತು, ಅಕ್ಕಿ ಇತ್ತು. ಮೆಲ್ಲಗೆ ಮುಟ್ಟಿಸು ಎಂದು ಜೊತೆಯಲ್ಲಿದ್ದವರು ಕಿವಿಯಲ್ಲಿ ಹೇಳಿದರು. ನಾನು ನಮ್ಮತ್ತೆಮ್ಮನ, ಎಂದರೆ ಗಂಡನ ತಾಯಿಯ, ಮುಖ ನೋಡಿ, ಬಲಗಾಲಲ್ಲಿ ಚೆನ್ನಾಗಿ ಒದ್ದೆ. ಅಕ್ಕಿ ನಡುಮನೆಯ ಕಂಬದವರೆಗೂ ಹೋಯಿತು. ಜನ ‘ಇದೆಂಥ ಗಂಡುಬೀರಿ’ ಎಂದರು. ಅತ್ತೆಮ್ಮ ಒಬ್ಬರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಮಾವ ಹೋಗಿ ಈಗ ಎರಡು ವರ್ಷ. ಹೊಳೆಯಲ್ಲಲ್ಲ, ಹಾಸಿಗೆಯಲ್ಲೇ, ಅತ್ತೆಯ ಕೈ ಹಿಡಿದುಕೊಂಡು. ಅತ್ತೆಯನ್ನು ನಾನು ನಮ್ಮ ಮನೆಗೇ ಕರೆತಂದೆ. ಸಂಜೆ ಅವರೂ ನಮ್ಮತ್ತೆಮ್ಮನೂ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾರೆ. ಮೊನ್ನೆ ದನ ಮನೆಗೆ ಬರುವ ಹೊತ್ತು. ಹಿಂದೆ ಕಚೇರಿ ಬಿಟ್ಟು ಮಾವ ಬರುತ್ತಿದ್ದ ಹೊತ್ತೂ ಅದೇ. ನಾನು ದೀಪಕ್ಕೆ ಬತ್ತಿ ಹಾಕುತ್ತ ನೋಡುತ್ತೇನೆ, ಅತ್ತೆ ಕಾಯಿ ಬಿಡಿಸುವುದು ನಿಲ್ಲಿಸಿ ಕಣ್ಣು ಮುಚ್ಚಿದ್ದಾರೆ. ಬಲಗೈಯ ತೋರುಬೆರಳು ಮಡಿಲಿನಿಂದ ಎದ್ದಿದೆ.

ಬತ್ತಿಯನ್ನು ಅಲ್ಲೇ ಬಿಟ್ಟು ಹತ್ತಿರ ಹೋದೆ. “ಏನತ್ತೆ?” ಎಂದೆ.

“ಬಂದ್ರು ಕಣವ್ವ” ಎಂದರು, ಕಣ್ಣು ಬಿಡದೆ. “ತಡ ಮಾಡ್ಕೊಂಡು. ಕೈಲಿ ಬಾಳೆಹಣ್ಣು ಬೇರೆ.”

“ಬೆರಳು ಎತ್ತಿಬಿಟ್ರಲ್ಲ ಅತ್ತೆ, ಯಾರದಾದ್ರೂ ಕಣ್ಣು ಬಿದ್ದರೆ?” ಎಂದೆ.

“ಬೀಳ್ಲಿ ಬಿಡು” ಎಂದರು ಅತ್ತೆ. “ಇನ್ನೇನಿದೆ, ತಗೊಂಡು ಹೋಗೋಕೆ?”

ಎತ್ತಿದ ಬೆರಳನ್ನು ಅವರು ಬಹಳ ಹೊತ್ತು ಇಳಿಸಲಿಲ್ಲ.